ಮಕ್ಕಳ ಕೈ ಬಿಡದ ಮೇಷ್ಟ್ರು ಯಾನುಷ್ ಕೊರ್ಚಾಕ್

ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ ಹುಟ್ಟಿದ ಹೆನ್ರಿಕ್ ಗೋಲ್ಡ್‌ಸ್ಮಿತ್ ಅವರನ್ನು ಜಗತ್ತು ಬಲ್ಲದ್ದು ಯಾನುಷ್ ಕೊರ್ಚಾಕ್ ಎಂಬ ಕಾವ್ಯನಾಮದಿಂದ. ವಕೀಲರಾಗಿದ್ದ ತಂದೆ ಮಾನಸಿಕ ಕಾಯಿಲೆಗೆ ತುತ್ತಾಗಿ 1896ರಲ್ಲಿ ತೀರಿಕೊಂಡರು. ಹುಡುಗ ಮನೆಪಾಠ ಹೇಳಿ ಸಂಸಾರಕ್ಕೆ ನೆರವಾದ. ಮುಂದೆ ವೈದ್ಯಕೀಯ ಓದಿ ಮಕ್ಕಳ ಡಾಕ್ಟರಾದ.

ದೇಹದ ಕಾಯಿಲೆಗೆ ಔಷಧಿ ಕೊಟ್ಟರಷ್ಟೇ ಸಾಲದು, ಮಗುವಿನ ಮನಸ್ಸಿಗೂ ಆಸರೆ ಬೇಕು ಎಂಬುದು ಅವರ ನಂಬಿಕೆಯಾಗಿತ್ತು. 1912ರಲ್ಲಿ ವಾರ್ಸಾದಲ್ಲಿ ಯಹೂದಿ ಅನಾಥ ಮಕ್ಕಳ ಮನೆ ಆರಂಭವಾದಾಗ ಅದರ ಹೊಣೆ ಹೊತ್ತರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬ ಶಿಕ್ಷಕಿ ಕೊನೆಯವರೆಗೂ ಅವರ ಜೊತೆ ದುಡಿದರು.

ಬಾಯಿಬಿಟ್ಟು ಹೇಳಲಾಗದ್ದನ್ನು ಮಕ್ಕಳು ಬರೆದು ಹಾಕಲು ಅಲ್ಲಿ ಒಂದು ಅಂಚೆಪೆಟ್ಟಿಗೆ ಇತ್ತು. ಪದೇ ಪದೇ ಜಗಳವಾಡುವ ಹುಡುಗನಿಗೆ ಕೊರ್ಚಾಕ್ ಹೊಡೆಯುತ್ತಿರಲಿಲ್ಲ. ಈ ವಾರ ಇಷ್ಟೇ ಜಗಳ ಎಂದು ಪಂದ್ಯ ಕಟ್ಟುತ್ತಿದ್ದರು. ಗೆದ್ದರೆ ಮಿಠಾಯಿ. ಗೆದ್ದೆನೋ ಸೋತೆನೋ ಎಂದು ಹುಡುಗನೇ ಹೇಳಬೇಕು, ಅವನ ಮಾತೇ ಸಾಕ್ಷಿ. ತಪ್ಪುಗಳ ವಿಚಾರಣೆಗೆ ಮಕ್ಕಳದೇ ನ್ಯಾಯಾಲಯವಿತ್ತು. ಅದರ ನಿಯಮಗಳಲ್ಲಿ ಹೆಚ್ಚಿನವು ಕ್ಷಮಿಸುವಂಥವು. ಸ್ವತಃ ಕೊರ್ಚಾಕರೂ ಅಲ್ಲಿ ಆರೋಪಿಯಾಗಿ ನಿಂತದ್ದುಂಟು. 1926ರಲ್ಲಿ ಮಕ್ಕಳೇ ಬರೆಯುವ ಒಂದು ಪತ್ರಿಕೆಯನ್ನೂ ಹೊರಡಿಸಿದರು.

ಎರಡನೇ ಮಹಾಯುದ್ಧ ಬಂತು. ವಾರ್ಸಾವನ್ನು ಹಿಡಿದ ನಾಜಿಗಳು 1940ರಲ್ಲಿ ಯಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಕೇರಿಗೆ ದೂಡಿದರು. ಮಕ್ಕಳ ಮನೆಯೂ ಅಲ್ಲಿಗೆ ಹೋಯಿತು. ವಯಸ್ಸಾಗಿ ಆರೋಗ್ಯ ಕೆಟ್ಟಿದ್ದರೂ ಕೊರ್ಚಾಕ್ ಮಕ್ಕಳಿಗಾಗಿ ಮನೆಮನೆಗೆ ತಿರುಗಿ ಆಹಾರ ಬೇಡಿ ತಂದರು. 1942ರ ಜುಲೈ ತಿಂಗಳಲ್ಲಿ ಆ ಹಸಿವಿನ ನಡುವೆಯೇ ಮಕ್ಕಳು ನಮ್ಮ ರವೀಂದ್ರನಾಥ ಠಾಕೂರರ ‘ಅಂಚೆಮನೆ’ ನಾಟಕ ಆಡಿದರು. ಕಾಯಿಲೆಯಿಂದ ಕೋಣೆಯಲ್ಲೇ ಉಳಿದು, ರಾಜನ ಕಾಗದಕ್ಕಾಗಿ ಕಾಯುವ ಹುಡುಗನ ಕಥೆ ಅದು. ಸಾವನ್ನು ಮಕ್ಕಳು ಅಂಜದೆ ಎದುರಿಸಲಿ ಎಂದೇ ಅದನ್ನು ಆರಿಸಿದರೆಂದು ಹೇಳುತ್ತಾರೆ.

ಮುಂದಿನ ತಿಂಗಳೇ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾ ಕೊಲೆ ಶಿಬಿರಕ್ಕೆ ಒಯ್ಯುವ ಆಜ್ಞೆಯಾಯಿತು. ಕೊರ್ಚಾಕರಿಗೆ ತಪ್ಪಿಸಿಕೊಳ್ಳುವ ದಾರಿಗಳಿದ್ದವು, ಸ್ನೇಹಿತರು ಬೇಡಿಕೊಂಡಿದ್ದರು. ಅವರು ಒಪ್ಪಲಿಲ್ಲ. ಭಯಪಟ್ಟ ಮಕ್ಕಳನ್ನು ಒಂಟಿಯಾಗಿ ಕಳಿಸಲು ಅವರಿಂದಾಗಲಿಲ್ಲ. ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಸ್ಟೆಫಾನಿಯಾ ಹಾಗೂ ಇತರ ಶಿಕ್ಷಕರೊಡನೆ ರೈಲು ಹತ್ತಿದರು. ಯಾರೂ ಹಿಂತಿರುಗಲಿಲ್ಲ.

ಅಂಥ ಅಗ್ನಿಪರೀಕ್ಷೆ ಯಾವ ಶಿಕ್ಷಕರಿಗೂ ಬಾರದಿರಲಿ. ಆದರೆ ಹೊಟ್ಟೆಗಿಲ್ಲದೆ ಬಂದ ಮಗು, ಮನೆಯ ಜಗಳ ಕಂಡು ಬಂದ ಮಗು, ಸೋತು ಮೂಲೆಯಲ್ಲಿ ಕೂತ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಅದರ ಪಕ್ಕ ಕೂತು ಏನಾಯಿತು ಮಗು ಎಂದು ಕೇಳುವುದು ಇಂದಿಗೂ ನಮ್ಮೆಲ್ಲರ ಕೈಯಲ್ಲಿದೆ. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇಂದು ನೆನೆಯುವುದೂ ಹಾಗೆ ಕೇಳಿದ ಗುರುಗಳನ್ನೇ.