ಹಿಮಗಿರಿಗಳ ಗೆಳೆಯ ಸಂತ ಪಿಯೆರ್ ಜೋರ್ಜಿಯೊ ಫ್ರಸಾತಿ



ಆಗಮನ ಕಾಲ ಬಂತೆಂದರೆ ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಚಳಿಯ ಮಾತು ಶುರುವಾಗುತ್ತದೆ. ಈ ಸಲ ಥಂಡಿ ಚೆನ್ನಾಗಿ ಬೀಳಲಿ, ಇಬ್ಬನಿ ಹನಿಯಲಿ ಎಂದು ನವಲಗುಂದ, ಅಣ್ಣಿಗೇರಿಯ ಎರೆ ಹೊಲದ ರೈತ ಹಾರೈಸುತ್ತಾನೆ. ಹಿಂಗಾರಿ ಕಡಲೆಗೂ ಗೋಧಿಗೂ ಚಳಿಯೇ ಬಲ. ಮಕ್ಕಳಿಗಂತೂ ಸುಲಗಾಯಿ ಮತ್ತು ಸೀತನಿಯ ಆಸೆ. ಹೊಲದ ಬದುವಿನಲ್ಲಿ ಬೆಂಕಿ ಹಾಕಿ, ಕೈ ಕಾಯಿಸಿಕೊಳ್ಳುತ್ತಾ, ಬಿಸಿ ತೆನೆಯನ್ನು ತಿಕ್ಕಿ ತಿನ್ನುವ ಸುಖ ನಿಮಗೆಲ್ಲ ಗೊತ್ತು. ದೂರದ ಶೀತ ದೇಶಗಳಲ್ಲಿಯೂ ಚಳಿಗಾಲಕ್ಕಾಗಿ ಹೀಗೆಯೇ ಆಸೆಯಿಂದ ಕಾಯುವವರಿದ್ದಾರೆ. ಅವರು ಕಾಯುವುದು ಬೆಟ್ಟಗಳ ಮೇಲೆ ಬೀಳುವ ಹಿಮಕ್ಕಾಗಿ. ಹಾಗೆ ಹಿಮಕ್ಕಾಗಿ ಕಾದು, ಹಿಮದಲ್ಲಿ ಆಡಿ ನಲಿದ ಒಬ್ಬ ತರುಣನನ್ನು 2025ರ ಸೆಪ್ಟೆಂಬರ್ 7ರಂದು ಧರ್ಮಸಭೆ ಸಂತರೆಂದು ಸಾರಿತು. ಅವರೇ ಪಿಯೆರ್ ಜೋರ್ಜಿಯೊ ಫ್ರಸಾತಿ.

ಪಿಯೆರ್ ಜೋರ್ಜಿಯೊ 1901ರ ಏಪ್ರಿಲ್ 6ರಂದು, ಪವಿತ್ರ ಶನಿವಾರದ ದಿನ, ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದರು. ತಂದೆ ಆಲ್ಫ್ರೆಡೊ ಫ್ರಸಾತಿ ಲಾ ಸ್ತಾಂಪ ಎಂಬ ಹೆಸರಾಂತ ದಿನಪತ್ರಿಕೆಯ ಒಡೆಯರು. ಮುಂದೆ ಸೆನೆಟ್ ಸದಸ್ಯರಾದರು, ಜರ್ಮನಿಯಲ್ಲಿ ಇಟಲಿಯ ರಾಯಭಾರಿಯೂ ಆದರು. ತಾಯಿ ಆದೆಲಾಯಿದೆ ಚಿತ್ರಕಲಾವಿದೆ. ಒಬ್ಬಳೇ ತಂಗಿ, ಲೂಚಾನಾ. ಮನೆಯಲ್ಲಿ ಸಿರಿವಂತಿಕೆ ಇತ್ತು, ಶಿಸ್ತು ಇತ್ತು. ಆದರೆ ತಂದೆಗೆ ವಿಶ್ವಾಸದ ಜೀವನ ಬೇಕಿರಲಿಲ್ಲ. ತಂದೆತಾಯಿಯರ ದಾಂಪತ್ಯದಲ್ಲಿ ನೆಮ್ಮದಿಯೂ ಇರಲಿಲ್ಲ. ಇಂಥ ಮನೆಯಲ್ಲಿ ದೇವರು ತನಗೊಬ್ಬ ಸಂತನನ್ನು ಬೆಳೆಸಿಕೊಂಡನು.

ಓದಿನಲ್ಲಿ ಅವರು ಚುರುಕಾಗಿರಲಿಲ್ಲ. ಲ್ಯಾಟಿನ್ ವಿಷಯದಲ್ಲಿ ನಪಾಸಾದುದರಿಂದ ಅವರನ್ನು ಯೇಸುಸಭೆಯ ಗುರುಗಳ ಶಾಲೆಗೆ ಸೇರಿಸಬೇಕಾಯಿತು. ಆ ಸೋಲೇ ವರವಾಯಿತು. ಅಲ್ಲಿ ಅವರಿಗೆ ಪ್ರತಿದಿನ ಪರಮಪ್ರಸಾದ ಸ್ವೀಕರಿಸುವ ರೂಢಿ ಬೆಳೆಯಿತು, ಅದು ಕೊನೆಯವರೆಗೂ ತಪ್ಪಲಿಲ್ಲ. 1918ರಲ್ಲಿ ಟ್ಯೂರಿನ್ನಿನ ಪಾಲಿಟೆಕ್ನಿಕ್ ಸೇರಿ ಗಣಿ ಎಂಜಿನಿಯರಿಂಗ್ ಓದತೊಡಗಿದರು. ನೆಲದಡಿಯ ಕತ್ತಲಲ್ಲಿ ದುಡಿಯುವ ಕಾರ್ಮಿಕರ ನಡುವೆ ಇದ್ದು ಕ್ರಿಸ್ತನ ಸೇವೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು.

ಟ್ಯೂರಿನ್ ನಗರದಿಂದ ಆಲ್ಪ್ಸ್ ಪರ್ವತಗಳು ಕಣ್ಣಿಗೆ ಕಾಣುತ್ತವೆ. ಅವುಗಳ ನೆತ್ತಿ ಬಿಳುಪಾಯಿತೆಂದರೆ ಫ್ರಸಾತಿಯವರ ಮನಸ್ಸು ಪುಸ್ತಕದಲ್ಲಿ ನಿಲ್ಲುತ್ತಿರಲಿಲ್ಲ. ಅವರು ಇಟಲಿಯ ಪರ್ವತಾರೋಹಿಗಳ ಸಂಘದ ಸದಸ್ಯರು. ಬೇಸಿಗೆಯಲ್ಲಿ ಶಿಖರ ಏರುವುದು, ಚಳಿಗಾಲದಲ್ಲಿ ಸ್ಕೀ ಆಡುವುದು ಅವರಿಗೆ ಪ್ರಾಣ. ಸ್ಕೀ ಎಂದರೆ ಬೂಟುಗಳಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು, ಹಿಮದ ಇಳಿಜಾರಿನಲ್ಲಿ ಜಾರುತ್ತಾ ಇಳಿಯುವ ಆಟ. ಇಂದು ಅಂಥ ಬೆಟ್ಟಗಳಲ್ಲಿ ಜನರನ್ನು ಮೇಲಕ್ಕೆ ಒಯ್ಯುವ ಯಂತ್ರಗಳಿವೆ. ಆ ಕಾಲದಲ್ಲಿ ಗಂಟೆಗಟ್ಟಲೆ ಏದುಸಿರು ಬಿಡುತ್ತಾ ತಾವೇ ಹತ್ತಬೇಕಿತ್ತು, ಇಳಿಯುವ ಸುಖವೋ ಕೆಲವು ನಿಮಿಷಗಳದು. ಬೆವರು ಸುರಿಸದೆ ಆನಂದ ಇಲ್ಲವೆಂಬ ಪಾಠವನ್ನು ಬೆಟ್ಟವೇ ಅವರಿಗೆ ಕಲಿಸಿತು.

ಆದರೆ ಹಿಮ ಎಷ್ಟೇ ಕರೆದರೂ ಭಾನುವಾರದ ಬಲಿಪೂಜೆ ತಪ್ಪಿಸಿ ಅವರು ಬೆಟ್ಟಕ್ಕೆ ಹೋಗುತ್ತಿರಲಿಲ್ಲ. ನಸುಕಿನ ಪೂಜೆಯಲ್ಲಿ ಭಾಗವಹಿಸಿದ ಮೇಲೆಯೇ ಹೆಗಲಿಗೆ ಚೀಲ ಏರುತ್ತಿತ್ತು. ದಾರಿಯಲ್ಲಿ ಹಾಡು, ತಮಾಷೆ, ಜೊತೆಗೆ ಜಪಸರ. 1924ರ ಮೇ ತಿಂಗಳಲ್ಲಿ ಗೆಳೆಯ ಗೆಳತಿಯರ ಒಂದು ಕೂಟ ಕಟ್ಟಿ, ಅದಕ್ಕೆ ಪುಂಡರ ಕೂಟ ಎಂಬರ್ಥದ ತಮಾಷೆಯ ಹೆಸರಿಟ್ಟರು. ಒಟ್ಟಿಗೆ ಬೆಟ್ಟ ಹತ್ತುವುದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು, ಇಷ್ಟೇ ಅದರ ಕಟ್ಟಳೆ.

ಆಟಪಾಟಕ್ಕೂ ಪಾವಿತ್ರ್ಯಕ್ಕೂ ಆಗಿಬರುವುದಿಲ್ಲ ಎಂದು ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ಹದವರಿತ ವಿನೋದವೂ ಒಂದು ಸದ್ಗುಣವೆಂದು ಸಂತ ಥಾಮಸ್ ಅಕ್ವಿನಾಸ್ ಕಲಿಸಿದ್ದಾರೆ. ಫ್ರಸಾತಿಯವರ ಕಾಲದ ಜಗದ್ಗುರು ಹನ್ನೊಂದನೆಯ ಪಿಯುಸರು ಸ್ವತಃ ಪಳಗಿದ ಪರ್ವತಾರೋಹಿ. ಆಲ್ಪ್ಸ್ ಕಣಿವೆಗಳಲ್ಲಿ ಹಿಮಕ್ಕೆ ಸಿಕ್ಕಿದ ದಾರಿಹೋಕರಿಗಾಗಿ ಆಶ್ರಯಧಾಮ ಕಟ್ಟಿಸಿದ ಸಂತ ಬರ್ನಾರ್ಡರನ್ನು ಅವರು 1923ರಲ್ಲಿ ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು. ಸೃಷ್ಟಿಯ ಚೆಲುವನ್ನು ಕಂಡು ಹಿಗ್ಗುವ ಮನಸ್ಸು ಸೃಷ್ಟಿಕರ್ತನ ಕಡೆಗೆ ತಿರುಗಿದರೆ ಅದೂ ಆರಾಧನೆಯೇ.

ಇಲ್ಲಿ ನಾವು ಒಂದು ಮಾತನ್ನು ಗಮನಿಸಬೇಕು. ಆಟವಾಡುವವನಿಗೆ ಹಿಗ್ಗು ತರುವ ಚಳಿಯೇ ಬಡವನ ಮನೆಯ ಬಾಗಿಲಲ್ಲಿ ಶತ್ರುವಾಗಿ ನಿಲ್ಲುತ್ತದೆ. ಫ್ರಸಾತಿ ಇದನ್ನು ಅರಿತಿದ್ದರು. ಹದಿನೇಳನೆಯ ವಯಸ್ಸಿನಲ್ಲಿಯೇ ಸಂತ ವಿನ್ಸೆಂಟ್ ದೆ ಪೌಲರ ಸಭೆ ಸೇರಿ, ಟ್ಯೂರಿನ್ನಿನ ಬಡವರ ಕೋಣೆಗಳಿಗೆ ಔಷಧಿ, ಆಹಾರದ ಗಂಟು ಹೊತ್ತು ಹೋಗುತ್ತಿದ್ದರು. ಮನೆ ಬಿಡಿಸಿಕೊಂಡ ಮುದುಕಿಗೆ ಕೋಣೆ, ಕ್ಷಯರೋಗಿಗೆ ಹಾಸಿಗೆ, ವಿಧವೆಯೊಬ್ಬಳ ಮೂರು ಮಕ್ಕಳಿಗೆ ಆಸರೆ, ಹೀಗೆ ಸಾಗಿತ್ತು ಅವರ ಗುಟ್ಟಿನ ಸೇವೆ. ಕಾರು ಬೇಕೋ ಹಣ ಬೇಕೋ ಎಂದು ತಂದೆ ಕೇಳಿದಾಗ ಹಣ ಪಡೆದು ಬಡವರಿಗೆ ಕೊಟ್ಟರು. ಪ್ರಯಾಣದ ಕಾಸನ್ನೂ ದಾನ ಮಾಡಿ, ಊಟದ ಹೊತ್ತಿಗೆ ಮನೆಗೆ ಓಡುತ್ತಾ ಬರುತ್ತಿದ್ದರು. ತಂದೆ ಬರ್ಲಿನ್ನಿನಲ್ಲಿ ರಾಯಭಾರಿಯಾಗಿದ್ದಾಗ, ಶೂನ್ಯಕ್ಕಿಂತ 12 ಡಿಗ್ರಿ ಕೆಳಗಿನ ಥಂಡಿಯಲ್ಲಿ ನಡುಗುತ್ತಿದ್ದ ಮುದುಕನಿಗೆ ತಮ್ಮ ಮೇಲಂಗಿಯನ್ನೇ ಕಳಚಿಕೊಟ್ಟರು. ತಂದೆ ಗದರಿದಾಗ, ಚಳಿ ಇತ್ತಲ್ಲಪ್ಪಾ ಎಂಬಷ್ಟೇ ಅವರ ಸರಳ ಉತ್ತರ. 1922ರಲ್ಲಿ ಅವರು ಸಂತ ದೊಮಿನಿಕರ ತೃತೀಯ ಸಭೆಯನ್ನು ಸೇರಿ, ಶ್ರೀಸಾಮಾನ್ಯರಾಗಿಯೇ ಉಳಿದು ಪ್ರಾರ್ಥನಾ ಜೀವನ ನಡೆಸಿದರು.

ಮನೆಯ ಶಾಂತಿಗಾಗಿ ಅವರು ತೆತ್ತ ಬೆಲೆ ದೊಡ್ಡದು. ಬೆಟ್ಟದ ಕೂಟದ ಗೆಳತಿಯೊಬ್ಬಳ ಮೇಲೆ ಅವರಿಗೆ ಪ್ರೀತಿ ಇತ್ತು. ಮನೆಯವರು ಒಪ್ಪಲಾರರು, ಮೊದಲೇ ಬಿರುಕು ಬಿಟ್ಟ ತಂದೆತಾಯಿಯರ ಬಾಳು ಇದರಿಂದ ಇನ್ನಷ್ಟು ಒಡೆಯಬಹುದು ಎಂದು ಆ ಆಸೆಯನ್ನು ಬಿಟ್ಟುಕೊಟ್ಟರು. ಗಣಿಯ ಕನಸನ್ನೂ ಬಿಟ್ಟು, ತಂದೆಯ ಇಚ್ಛೆಯಂತೆ ಪತ್ರಿಕೆಯ ಕೆಲಸಕ್ಕೆ ಒಪ್ಪಿದರು. 1925ರ ಜೂನ್ 7ರಂದು ಕೊನೆಯ ಬಾರಿ ಬಂಡೆ ಏರಿದರು. ತಿಂಗಳು ತುಂಬುವಷ್ಟರಲ್ಲಿ ಪೋಲಿಯೊ ರೋಗ ಅವರನ್ನು ಹಿಡಿಯಿತು. ಬಡವರ ಕೋಣೆಗಳಲ್ಲಿಯೇ ಆ ಸೋಂಕು ತಗುಲಿರಬೇಕೆಂದು ನಂಬಲಾಗಿದೆ.

ಅದೇ ವೇಳೆ ಮನೆಯಲ್ಲಿ ಅಜ್ಜಿ ಸಾವಿನ ಹಾಸಿಗೆಯಲ್ಲಿದ್ದರು. ಎಲ್ಲರ ಗಮನ ಆ ಕಡೆ. ಮಗನದು ಸಣ್ಣ ಜ್ವರವೆಂದು ಎಲ್ಲರೂ ತಿಳಿದರು. ಬೆಟ್ಟ ಏರುತ್ತಿದ್ದ ಕಾಲುಗಳು ಸೋತವು, ಆದರೂ ಅವರು ಗೊಣಗಲಿಲ್ಲ. ಸಾಯುವ ಹಿಂದಿನ ದಿನ, ಶುಕ್ರವಾರ, ಬಡವರ ಭೇಟಿಯ ದಿನ. ಮರಗಟ್ಟುತ್ತಿದ್ದ ಕೈಯಿಂದ ಗೆಳೆಯನಿಗೊಂದು ಚೀಟಿ ಬರೆದು, ರೋಗಿಯೊಬ್ಬನಿಗೆ ಇಂಜೆಕ್ಷನ್ ಔಷಧಿ ತಲುಪಿಸಲು ಕೇಳಿಕೊಂಡರು. ಜುಲೈ 4ರಂದು, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು.

ಅಂತ್ಯಕ್ರಿಯೆಗೆ ಗಣ್ಯರು ಬರುವರೆಂದು ಮನೆಯವರು ಎಣಿಸಿದ್ದರು. ಬೀದಿ ತುಂಬ ಬಂದು ನಿಂತವರು ಟ್ಯೂರಿನ್ನಿನ ಬಡವರು. ತಮ್ಮ ಮಗ ಯಾರೆಂಬುದು ಹೆತ್ತವರಿಗೆ ತಿಳಿದದ್ದು ಅಂದು. ಆ ಬಡವರಲ್ಲಿ ಅನೇಕರಿಗೂ ತಮ್ಮ ಗೆಳೆಯ ಇಂಥ ಸಿರಿವಂತರ ಮನೆಯವನೆಂದು ಗೊತ್ತಾದದ್ದೂ ಅಂದೇ. ಸ್ವತಃ ಸ್ಕೀ ಪ್ರಿಯರಾಗಿದ್ದ ಜಗದ್ಗುರು ಎರಡನೆಯ ಜಾನ್ ಪೌಲರು 1990ರ ಮೇ 20ರಂದು ಅವರನ್ನು ಪುನೀತರೆಂದು ಘೋಷಿಸಿದರು. ಹದಿನಾಲ್ಕನೆಯ ಲಿಯೊರವರು ಕಾರ್ಲೊ ಅಕ್ಯುಟಿಸರೊಂದಿಗೆ ಅವರಿಗೂ ಸಂತ ಪದವಿ ನೀಡಿದರು. ಜುಲೈ 4 ಅವರ ಹಬ್ಬ.

ಪ್ರಿಯ ತಂದೆತಾಯಿಗಳೇ, ಒಂದೇ ಸೂರಿನಡಿ ಬೆಳೆದ ಮಗನ ಅಂತರಂಗವನ್ನು ಅರಿಯಲು ಆ ಹೆತ್ತವರಿಗೆ ಅವನ ಶವಯಾತ್ರೆಯೇ ಬೇಕಾಯಿತು. ನಿಮ್ಮ ಮಕ್ಕಳ ಅಂಕಪಟ್ಟಿ ನಿಮಗೆ ಗೊತ್ತು, ಅವರ ಮನಸ್ಸು ಗೊತ್ತೇ? ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಅವರ ಮಾತಿಗೆ ಕಿವಿಗೊಡಿ.

ತರುಣ ತರುಣಿಯರೇ, ಕ್ರಿಸ್ತಜಯಂತಿಯ ರಜೆಯಲ್ಲಿ ಆಡಿರಿ, ತಿರುಗಾಡಿರಿ, ಸೀತನಿಗೆ ಹೊಲಕ್ಕೆ ಹೋಗಿರಿ. ಭಾನುವಾರದ ಪೂಜೆಯನ್ನು ಮಾತ್ರ ಬಿಡಬೇಡಿರಿ. ಹೋಗುವ ದಾರಿಯಲ್ಲಿ ಬಯಲಲ್ಲೇ ಕುರಿಹಿಂಡಿನೊಡನೆ ರಾತ್ರಿ ಕಳೆಯುವ ಕುರಿಗಾಹಿಗಳಿದ್ದಾರೆ. ಕಲಘಟಗಿಯ ಕಡೆ ಕಬ್ಬು ಕಡಿಯಲು ಬಂದು, ರವದಿಯ ಗುಡಿಸಲಲ್ಲಿ ಕೂಸುಗಳನ್ನು ಮಲಗಿಸುವ ತಾಯಂದಿರಿದ್ದಾರೆ. ಪ್ರಭು ಯೇಸು ಜನಿಸಿದ ಸುದ್ದಿ ಮೊದಲು ತಲುಪಿದ್ದು ಇಂಥ ಬಯಲಿನ ಜನರಿಗೇ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹೆಚ್ಚಿನದೊಂದು ಕಂಬಳಿ ಇದ್ದರೆ, ಅದು ಯಾರದೆಂದು ಸಂತ ಪಿಯೆರ್ ಜೋರ್ಜಿಯೊರವರನ್ನು ಕೇಳಿ ನೋಡಿರಿ. ಅವರ ಬಿನ್ನಹದಿಂದ ನಮ್ಮ ಮನೆಗಳಲ್ಲಿ ಹಿಗ್ಗೂ ದಯೆಯೂ ಕೂಡಿ ಬಾಳಲಿ.