ಪ್ರೊಫೆಸರ್ ನಾರಾಯಣರಾಯರೂ ಉಲ್ಲೇಖಗಳ ಎಣಿಕೆಯೂ

ವಿದ್ವಾಂಸನ ಯೋಗ್ಯತೆಯನ್ನು ಅಂಕಿಗಳಿಂದ ಅಳೆಯುವ ಪದ್ಧತಿಯು ಈಗ ನಮ್ಮ ದೇಶದ ಕಾಲೇಜುಗಳಲ್ಲಿ ಬಹುಮಟ್ಟಿಗೆ ನೆಲೆಗೊಂಡಿರುತ್ತದೆ. ಒಬ್ಬ ಅಧ್ಯಾಪಕನು ಎಷ್ಟು ಲೇಖನಗಳನ್ನು ಪ್ರಕಟಿಸಿದನು, ಅವನ್ನು ಎಷ್ಟು ಮಂದಿ ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದರು, ಅವು ಅಚ್ಚಾದ ಪತ್ರಿಕೆಯ ದರ್ಜೆ ಎಷ್ಟನೆಯದು ಎಂದು ಕೇಳಿ, ಅದರ ಮೇಲಿಂದ ಬಡ್ತಿಯನ್ನೂ ಅನುದಾನವನ್ನೂ ನಿರ್ಣಯಿಸುವ ರೂಢಿ ಬಂದಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಕಾಲೇಜುಗಳಲ್ಲಿ ಪಾಠ ಹೇಳುವವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಈ ಎಣಿಕೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವದಿಲ್ಲ ಎಂಬದನ್ನು ವಿಚಾರಿಸುವದಕ್ಕೆ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ. ಆರ್. ನಾರಾಯಣರಾಯರ ಜೀವಿತಕ್ಕಿಂತ ಉತ್ತಮವಾದ ನಿದರ್ಶನವು ನಮ್ಮ ನಾಡಿನಲ್ಲಿ ಸಿಕ್ಕಲಾರದೆಂದು ನಾವು ಭಾವಿಸುತ್ತೇವೆ.

ರಾಯರು 1882ನೆಯ ಇಸವಿ ಆಗಸ್ಟ್ 15ರಂದು ಕೊಯಮತ್ತೂರಿನಲ್ಲಿ ಜನಿಸಿದರು. ಆದರೆ ಅವರ ಶಾಲಾ ವಿದ್ಯಾಭ್ಯಾಸವು ನಡೆದದ್ದು ನಮ್ಮ ನೆರೆಯ ಬಳ್ಳಾರಿಯ ಹೈಸ್ಕೂಲಿನಲ್ಲಿ. ಆ ಕಾಲಕ್ಕೆ ಬಳ್ಳಾರಿಯು ಮದ್ರಾಸು ಆಧಿಪತ್ಯಕ್ಕೂ ನಮ್ಮ ಕೊಪ್ಪಳ ಸೀಮೆಯು ನಿಜಾಮರ ಸಂಸ್ಥಾನಕ್ಕೂ ಸೇರಿದ್ದವು. ನಡುವೆ ತುಂಗಭದ್ರೆಯೊಂದೇ ಹರಿಯುತ್ತಿದ್ದರೂ ವಿದ್ಯೆಯ ಅನುಕೂಲತೆಗಳಲ್ಲಿ ಎರಡು ದಡಗಳಿಗೂ ಬಹಳ ಅಂತರವಿತ್ತು. ಬಳ್ಳಾರಿಯಿಂದ ರಾಯರು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಪ್ರೊಫೆಸರ್ ಹೆಂಡರ್ಸನ್. ಚಾಲೆಂಜರ್ ಎಂಬ ಹಡಗು 1872ರಿಂದ 1876ರ ವರೆಗೆ ಲೋಕದ ಸಮುದ್ರಗಳನ್ನೆಲ್ಲ ಶೋಧಿಸಿ ತಂದ ಜೀವಿಗಳ ಪೈಕಿ, ಶಂಖದ ಚಿಪ್ಪಿನಲ್ಲಿ ಮನೆ ಮಾಡಿಕೊಳ್ಳುವ ಏಡಿಗಳು ಮತ್ತು ಅವುಗಳ ಬಂಧುಗಳನ್ನು ವರ್ಣಿಸಿ 1888ರಲ್ಲಿ ದೊಡ್ಡ ವರದಿಯನ್ನು ಬರೆದ ವಿದ್ವಾಂಸರು ಅವರೇ. ಬೆರಳಿನ ಗಾತ್ರದ ಒಂದು ಪ್ರಾಣಿಯ ಕಾಲಿನ ಕೀಲುಗಳನ್ನು ಎಣಿಸಿ, ಕೊಂಡಿಯ ಆಕಾರವನ್ನು ಬರೆದು, ಮತ್ತೊಬ್ಬನು ಆ ಬರವಣಿಗೆಯನ್ನು ಓದಿಯೇ ಆ ಪ್ರಾಣಿಯನ್ನು ಗುರುತಿಸುವಂತೆ ಮಾಡುವ ವಿದ್ಯೆಯು ಹೆಂಡರ್ಸನ್ನರದು. ಇಂಥವರ ಕೈಕೆಳಗೆ ಪಳಗಿದ ರಾಯರು ಎಂ. ಎ. ಪದವಿಯನ್ನೂ ಸುವರ್ಣಪದಕವನ್ನೂ ಪಡೆದರು.

ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಕೆಲಕಾಲ ಅಧ್ಯಾಪನ ನಡೆಯಿಸಿದ ಬಳಿಕ ಅವರು ಬೆಂಗಳೂರು ಸೆಂಟ್ರಲ್ ಕಾಲೇಜನ್ನು ಸೇರಿ, ಅಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಯಿಸಿದರು. ಅವರು ಆರಿಸಿಕೊಂಡ ವಿಷಯವು ಕಪ್ಪೆಗಳು. ಇದನ್ನು ಕೇಳಿ ನಗುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಮಳೆಗಾಲದ ರಾತ್ರಿ ಒದರುವ ಪ್ರಾಣಿಯ ಬಗ್ಗೆ ಒಬ್ಬ ಪಂಡಿತನು ಆಯುಷ್ಯವನ್ನು ಸವೆಸಬೇಕೆ ಎಂದು ನಮ್ಮ ವಾಚಕರಲ್ಲಿಯೂ ಕೆಲವರು ಕೇಳಬಹುದು. ಆದರೆ ಕೀಟವೇ ಇರಲಿ, ಬಸವನಹುಳುವೇ ಇರಲಿ, ಕಪ್ಪೆಯೇ ಇರಲಿ, ಅದಕ್ಕೆ ಹೆಸರು ಗೊತ್ತಿಲ್ಲದಿದ್ದರೆ ಅದರ ವಿಷಯವಾಗಿ ಒಬ್ಬನು ಕಂಡದ್ದನ್ನು ಇನ್ನೊಬ್ಬನಿಗೆ ಹೇಳುವದೇ ಅಸಾಧ್ಯ. ಬೆಳೆಯನ್ನು ತಿನ್ನುವ ಹುಳು ಯಾವದು, ಆ ಹುಳುವನ್ನು ತಿನ್ನುವ ಜೀವಿ ಯಾವದು ಎಂಬ ರೈತನ ಪ್ರಶ್ನೆಗೂ ಮೊದಲು ಬೇಕಾದದ್ದು ಸರಿಯಾದ ಹೆಸರೇ.

ಹೆಸರಿಡುವದಕ್ಕೆ ಕಟ್ಟುನಿಟ್ಟಾದ ಕಾಯಿದೆಗಳಿವೆ. ಸ್ವೀಡನ್ನಿನ ಲಿನೇಯಸ್ ಪಂಡಿತನು 1758ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲ್ಗೊಂಡು ಪ್ರತಿಯೊಂದು ಪ್ರಾಣಿಗೆ ಎರಡು ಪದಗಳ ಹೆಸರಿರುತ್ತದೆ. ಆ ಹೆಸರು ವರ್ಣನೆಯೊಡನೆ ಪ್ರಕಟವಾಗಿ ಎಲ್ಲರಿಗೂ ದೊರೆಯುವಂತಿರಬೇಕು. ಭಾಷಣದಲ್ಲಿ ಹೇಳಿದರೆ ಸಾಲದು. ವರ್ಣನೆಗೆ ಆಧಾರವಾದ ದೇಹವನ್ನು ಮೂಲಮಾದರಿಯೆಂದು ಮದ್ಯಸಾರದಲ್ಲಿ ಕಾಪಾಡಿ ಇಡಬೇಕು. ಒಂದೇ ಪ್ರಾಣಿಗೆ ಇಬ್ಬರು ಹೆಸರಿಟ್ಟರೆ ಮೊದಲು ಪ್ರಕಟವಾದ ಹೆಸರೇ ಸಾಮಾನ್ಯವಾಗಿ ನಿಲ್ಲತಕ್ಕದ್ದು. ಹೆಸರಿನ ಮುಂದೆ ಅದನ್ನಿಟ್ಟವನ ಹೆಸರೂ ಇಸವಿಯೂ ಸೇರುತ್ತವೆ. ಹೀಗೆ ಪ್ರತಿಯೊಂದು ವರ್ಣನೆಯೂ ಲೋಕಕ್ಕೆ ಬರೆದುಕೊಟ್ಟ ಒಂದು ದಸ್ತಾವೇಜು. ಯಾರು ಬೇಕಾದರೂ ಅದನ್ನು ತೆಗೆದು ಪರೀಕ್ಷಿಸಬಹುದು.

ರಾಯರು ಇಂಥ ದಸ್ತಾವೇಜುಗಳನ್ನು ಹಲವು ಬರೆದರು. ಕೊಡಗಿನಲ್ಲಿ ಕಾವೇರಿಯ ಪವಿತ್ರ ಜವುಗು ನೆಲದಲ್ಲಿ ದೊರೆತ ಒಂದು ಇರುಳುಗಪ್ಪೆಯನ್ನು ಅವರು 1920ರಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿ, ಆ ಸ್ಥಳದ ಪಾವಿತ್ರ್ಯವನ್ನೇ ಲ್ಯಾಟಿನ್ ಹೆಸರಿನಲ್ಲಿ ಅಡಗಿಸಿದರು. 1925ರಲ್ಲಿ ರಾಮಣ್ಣನವರೊಡನೆ ಸೇರಿ ಒಂದು ಹೊಸ ಕುಲವನ್ನೇ ಸ್ಥಾಪಿಸಿದರು. 1937ರಲ್ಲಿ ದಕ್ಷಿಣ ಹಿಂದುಸ್ತಾನದ ಕಪ್ಪೆಗಳ ಹಲವು ಹೊಸ ಜಾತಿಗಳನ್ನು ಕುರಿತ ಸುಮಾರು ನಲವತ್ತು ಪುಟಗಳ ಲೇಖನವು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯ ವೃತ್ತಾಂತ ಪತ್ರಿಕೆಯಲ್ಲಿ ಅಚ್ಚಾಯಿತು. ಹಾಸನ ಜಿಲ್ಲೆಯ ಕೆಂಪುಹೊಳೆಯ ಕಪ್ಪೆಯು ಅದರಲ್ಲಿ ಒಂದು. ಅದೇ ವರ್ಷ ಅವರು ಕಾಲೇಜಿನ ಸೇವೆಯಿಂದ ನಿವೃತ್ತರಾದರು.

ರಾಯರು ತಮ್ಮ ಲೇಖನಗಳನ್ನು ಬರೆದಷ್ಟಕ್ಕೇ ತೃಪ್ತರಾಗದೆ, ಅನ್ಯರ ಲೇಖನಗಳಿಗೂ ನೆಲೆ ಕಲ್ಪಿಸಿದರೆಂಬದು ಅವರ ಹೆಚ್ಚಳ. ಆ ದಿವಸಗಳಲ್ಲಿ ನಮ್ಮ ದೇಶದ ಸಂಶೋಧಕನು ಹೊಸದೊಂದನ್ನು ಕಂಡರೆ ಅದರ ಸುದ್ದಿಯನ್ನು ಲಂಡನ್ನಿನ ನೇಚರ್ ಪತ್ರಿಕೆಗೆ ಕಳುಹಿಸಿ ಹಡಗಿನ ಟಪಾಲಿಗಾಗಿ ಕಾದು ಕೂಡ್ರಬೇಕಾಗುತ್ತಿತ್ತು. ಎಲ್ಲ ಶಾಸ್ತ್ರಗಳವರೂ ಓದುವಂಥ, ಕಿರುವರದಿಗಳನ್ನು ಬೇಗನೆ ಅಚ್ಚು ಹಾಕುವಂಥ ಪತ್ರಿಕೆಯೊಂದು ಸ್ವದೇಶದಲ್ಲಿಯೇ ಇರಬೇಕೆಂದು ರಾಯರು ಬಗೆದರು. ಸರ್ ಸಿ. ವಿ. ರಾಮನ್, ಬೀರಬಲ್ ಸಾಹನಿ, ಮೇಘನಾದ ಸಹಾ, ಶಾಂತಿಸ್ವರೂಪ ಭಟ್ನಾಗರ್ ಮೊದಲಾದವರ ಬೆಂಬಲದಿಂದ ಬೆಂಗಳೂರಿನಲ್ಲಿ 1932ರ ಜುಲೈ ತಿಂಗಳಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯು ಹೊರಟಿತು. ರಾಯರು ಅದರ ಮೊದಲನೆಯ ಸಂಪಾದಕರಾದರು. 1934ರಲ್ಲಿ ರಾಮನ್ನರು ಇಂಡಿಯನ್ ಅಕಾಡೆಮಿಯನ್ನು ಸ್ಥಾಪಿಸಿದಾಗ ಅದರ ಆದ್ಯ ಸದಸ್ಯರಲ್ಲಿಯೂ ರಾಯರು ಒಬ್ಬರಾಗಿದ್ದರು. ಪತ್ರಿಕೆ ನಡೆಯಿಸುವವನ ಪಾಡು ಏನೆಂಬದನ್ನು ನಾವು ಬಲ್ಲೆವು. ಅನ್ಯರ ಬರಹವನ್ನು ಓದುವದು, ತಿದ್ದುವದು, ತಜ್ಞರ ಅಭಿಪ್ರಾಯ ಕೇಳುವದು, ಅಚ್ಚಿನ ಮೊಳೆಗಳ ತಪ್ಪನ್ನು ಹುಡುಕುವದು, ಇವುಗಳಲ್ಲಿ ಕಳೆದ ಸಮಯಕ್ಕೆ ಯಾವ ಕೀರ್ತಿಯೂ ಇರುವದಿಲ್ಲ. ಆ ಪತ್ರಿಕೆಯಾದರೋ ಇಂದಿಗೂ ಬೆಂಗಳೂರಿನಿಂದ ಹೊರಡುತ್ತಿದೆ.

ರಾಯರು 1960ನೆಯ ಇಸವಿ ಜನೇವರಿ 2ರಂದು ತೀರಿಕೊಂಡರು. ಅವರು ಕಾಲೇಜಿನಲ್ಲಿ ಇರಿಸಿದ್ದ ಮೂಲಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಇದು ಸಣ್ಣ ನಷ್ಟವಲ್ಲ. ಮಾದರಿಯಿಲ್ಲದ ವರ್ಣನೆಯೆಂದರೆ ಸಾಕ್ಷಿಯಿಲ್ಲದ ದಸ್ತಾವೇಜಿನಂತೆ. ಈ ಕಾರಣದಿಂದ ಅವರ ಕೆಲವು ಹೆಸರುಗಳು ಯಾವ ಪ್ರಾಣಿಗೆ ಸಲ್ಲಬೇಕೆಂಬ ವಾದವು ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ಆ ಅಮೂಲ್ಯ ಸೀಸೆಗಳನ್ನು ದೊಡ್ಡ ಸಂಗ್ರಹಾಲಯವೊಂದಕ್ಕೆ ಒಪ್ಪಿಸಿದ್ದರೆ ಚೆನ್ನಾಗಿತ್ತೆಂದು ನಾವು ಹೇಳದೆ ಇರಲಾರೆವು. ಅವರು ರಾಮಣ್ಣನವರೊಡನೆ ಸ್ಥಾಪಿಸಿದ ಕುಲವನ್ನು ಕೂಡ 2016ರಲ್ಲಿ ಸಂಶೋಧಕರು ಹಳೆಯದಾದ ಇನ್ನೊಂದು ಕುಲದಲ್ಲಿ ವಿಲೀನಗೊಳಿಸಿದರು. ಶಾಸ್ತ್ರದಲ್ಲಿ ಯಾರ ಮಾತೂ ಕಡೆಯ ಮಾತಲ್ಲ.

ಇನ್ನು ಎಣಿಕೆಯ ಕಥೆಯನ್ನು ಕೇಳಿರಿ. ಅಮೇರಿಕೆಯ ಯೂಜೀನ್ ಗಾರ್ಫೀಲ್ಡ್ ಎಂಬವರು, ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರೆಂಬದನ್ನು ತೋರಿಸುವ ಸೂಚಿಯೊಂದು ಬೇಕೆಂದು 1955ರಲ್ಲಿ ಸೂಚಿಸಿ, 1964ರಲ್ಲಿ ಅದನ್ನು ಹೊರತಂದರು. ಒಂದು ವಿಚಾರವು ಎಲ್ಲೆಲ್ಲಿ ಹರಡಿತೆಂದು ಹುಡುಕುವದಕ್ಕೆ ಅದು ಉತ್ತಮ ಸಾಧನವೇ ಸರಿ. 1975ರಿಂದ ಪತ್ರಿಕೆಗಳಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಪ್ರಭಾವಾಂಕವೂ ವರ್ಷಂಪ್ರತಿ ಪ್ರಕಟವಾಗತೊಡಗಿತು. ಅದರ ಲೆಕ್ಕವು ಸುಲಭವಾದದ್ದು. ಒಂದು ಪತ್ರಿಕೆಯು ಎರಡು ವರ್ಷಗಳಲ್ಲಿ 50 ಲೇಖನಗಳನ್ನು ಅಚ್ಚು ಹಾಕಿತೆಂದು ಇಟ್ಟುಕೊಳ್ಳೋಣ; ಮೂರನೆಯ ವರ್ಷ ಅವನ್ನು ಒಟ್ಟು 100 ಸಲ ಉಲ್ಲೇಖಿಸಿದರೆ ಆ ಪತ್ರಿಕೆಯ ಅಂಕ 2. ಈ ಅಂಕವು ಪತ್ರಿಕೆಯದು, ಲೇಖಕನದಲ್ಲ. ಎರಡು ವರ್ಷಗಳದು, ಸದಾಕಾಲದ್ದಲ್ಲ. ಅದರಿಂದ ಮನುಷ್ಯನನ್ನು ತೂಗಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೂಡಿದ್ದ ಶಾಸ್ತ್ರೀಯ ಪತ್ರಿಕೆಗಳ ಸಂಪಾದಕರೇ ಘೋಷಿಸಿದ್ದಾರೆ. ಆದಾಗ್ಯೂ ನಮ್ಮ ಸಮಿತಿಗಳು ಆ ತಕ್ಕಡಿಯನ್ನು ಕೆಳಗಿಟ್ಟಿಲ್ಲ.

ಈ ತಕ್ಕಡಿಯಲ್ಲಿ ರಾಯರನ್ನು ಕೂಡ್ರಿಸಿ ನೋಡೋಣ. 1920ರ ಕೊಡಗಿನ ಕಪ್ಪೆಯ ವರ್ಣನೆಯು ಎರಡು ವರ್ಷಗಳ ಅವಧಿಯಲ್ಲಿ ಏನು ಗಳಿಸೀತು? ಸಣ್ಣ ಜೀವಿಗಳನ್ನು ಅಭ್ಯಸಿಸುವವರೇ ವಿರಳ. ಉಲ್ಲೇಖಿಸುವವರು ಇನ್ನೂ ವಿರಳ. ಅದರ ಮೇಲೆ ಇನ್ನೊಂದು ವಿಚಿತ್ರವಿದೆ. ಆ ಪ್ರಾಣಿಯ ಪೂರ್ಣ ನಾಮವನ್ನು ಬರೆಯುವವನು ರಾಯರ ಹೆಸರನ್ನೂ 1920 ಎಂಬ ಇಸವಿಯನ್ನೂ ಬರೆಯುತ್ತಾನೆ. ಆದರೆ ಮೂಲ ಲೇಖನವನ್ನು ಕೊನೆಯ ಆಧಾರಪಟ್ಟಿಯಲ್ಲಿ ಸೇರಿಸುವ ವಾಡಿಕೆ ಬಹಳವಾಗಿ ಇಲ್ಲದ್ದರಿಂದ ಎಣಿಸುವ ಯಂತ್ರದ ಕಣ್ಣಿಗೆ ಅದು ಬೀಳುವದೇ ಇಲ್ಲ. ಪ್ರತಿದಿನ ಬಳಕೆಯಾಗುವ ಕೆಲಸವೇ ಲೆಕ್ಕದಲ್ಲಿ ಸೊನ್ನೆಯಾಗಿ ನಿಲ್ಲುತ್ತದೆ.

ಆದರೆ ಸತ್ಯವು ಸಮಿತಿಯ ಅವಧಿಯನ್ನು ನೋಡಿಕೊಂಡು ಬರುವದಿಲ್ಲ. 2011ರಲ್ಲಿ ಪಶ್ಚಿಮ ಘಟ್ಟದ ಇರುಳುಗಪ್ಪೆಗಳನ್ನೆಲ್ಲ ಮರುಪರೀಕ್ಷೆ ಮಾಡಿದ ಸಂಶೋಧಕರು ಕೊಡಗಿನ ಆ ಕಪ್ಪೆಯನ್ನು 91 ವರ್ಷಗಳ ತರುವಾಯ ಮರಳಿ ಕಂಡುಹಿಡಿದರು. ಕೆಂಪುಹೊಳೆಯ ಕಪ್ಪೆಯೂ ಮರಳಿ ದೊರೆಯಿತು. ಸೀಸೆಗಳು ಹಾಳಾಗಿದ್ದರೂ ಅಚ್ಚಾದ ಪುಟಗಳು ಉಳಿದಿದ್ದವು. ಸ್ಥಳದ ಹೆಸರು, ದೇಹದ ಲಕ್ಷಣಗಳು ಅಲ್ಲಿದ್ದವು. ಅವನ್ನು ಹಿಡಿದುಕೊಂಡೇ ಹೊಸಬರು ಕಾಡಿಗೆ ಹೋದರು. ಅದರ ಹಿಂದಿನ ವರ್ಷ, ಅಂದರೆ 2010ರಲ್ಲಿ, ಮೊಟ್ಟೆಯಿಂದ ಗೊದಮೊಟ್ಟೆಯಾಗದೆ ನೇರವಾಗಿ ಮರಿಯಾಗುವ ಪೊದೆಗಪ್ಪೆಗಳ ಕುಲವೊಂದನ್ನು ಸ್ಥಾಪಿಸಿದ ವಿದ್ವಾಂಸರು ಅದಕ್ಕೆ ರಾಯರ ಸ್ಮರಣಾರ್ಥವಾಗಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಆ ಕುಲದಲ್ಲಿ ಈಗ ಅರುವತ್ತಕ್ಕೂ ಹೆಚ್ಚು ಜಾತಿಗಳಿವೆ. ಆ ಲೇಖನವು ಅಚ್ಚಾದ ಪತ್ರಿಕೆ ಯಾವದು? ರಾಯರು ತಾವೇ ಮೊದಲು ಸಂಪಾದಿಸಿದ ಕರೆಂಟ್ ಸೈನ್ಸ್. ಅವರು ತೀರಿ ಆಗ ಐವತ್ತು ವರ್ಷಗಳಾಗಿದ್ದವು.

ನಮ್ಮ ಸೀಮೆಯವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕೊಪ್ಪಳದ ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನು ಕೆತ್ತಿಸಿದ ಶಾಸನಗಳು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಇದ್ದಲ್ಲಿಯೇ ಇದ್ದು, 1931ರಲ್ಲಿ ಪಂಡಿತರ ಕಣ್ಣಿಗೆ ಬಿದ್ದವು. ಓದುವವರು ಇಲ್ಲದ ಕಾಲದಲ್ಲಿ ಅವುಗಳ ಬೆಲೆ ಕಡಿಮೆಯಾಗಿತ್ತೆಂದು ಯಾರೂ ಹೇಳುವದಿಲ್ಲ. ಸ್ಪಷ್ಟವಾಗಿ ಕೆತ್ತಿದ್ದರಿಂದಲೂ ಗಟ್ಟಿಯಾದ ಕಲ್ಲಿನ ಮೇಲಿದ್ದುದರಿಂದಲೂ ಅವು ಉಳಿದವು. ಸಂಶೋಧನ ಲೇಖನಕ್ಕೂ ಬೇಕಾದ ಗುಣಗಳು ಇವೇ: ಸ್ಪಷ್ಟವಾದ ಬರಹ ಮತ್ತು ಬಾಳುವ ನೆಲೆ.

ಆದದ್ದರಿಂದ ಕಾಲೇಜುಗಳ ಆಡಳಿತ ಮಂಡಳಿಗಳಿಗೂ ಆಯ್ಕೆ ಸಮಿತಿಗಳಲ್ಲಿ ಕೂಡ್ರುವ ಅಧಿಕಾರಿಗಳಿಗೂ ನಮ್ಮ ಸೂಚನೆ ಇಷ್ಟು. ಅಂಕಿಗಳನ್ನು ನೋಡಬೇಡಿರೆಂದು ನಾವು ಹೇಳುವದಿಲ್ಲ. ಅಂಕಿಗಳನ್ನು ನೋಡಿದ ಮೇಲೆ ಲೇಖನವನ್ನೂ ಓದಿರಿ, ತಿಳಿಯದಿದ್ದರೆ ತಿಳಿದವರಿಂದ ಓದಿಸಿರಿ. ಎಣಿಕೆಯೊಂದನ್ನೇ ಕೇಳಿದರೆ ಜನರು ಎಣಿಕೆಯನ್ನೇ ಒದಗಿಸುತ್ತಾರೆ. ಹಣ ತೆಗೆದುಕೊಂಡು ಪರೀಕ್ಷಿಸದೆಯೇ ಅಚ್ಚು ಹಾಕುವ ಪತ್ರಿಕೆಗಳು ಹೆಚ್ಚಿರುವದು ಈ ಕಾರಣದಿಂದಲೇ. ವರ್ಷಕ್ಕೆ ನಾಲ್ಕು ಲೇಖನ ಬೇಕೆಂದರೆ ನಾಲ್ಕು ಮಳೆಗಾಲ ಕೆರೆಯ ದಂಡೆಯಲ್ಲಿ ಕಾದು ಒಂದು ಜೀವಿಯನ್ನು ಅರಿಯುವವನು ಎಲ್ಲಿಂದ ಬಂದಾನು? ಅಧ್ಯಾಪಕರಾದರೂ ತಮ್ಮ ಮಾದರಿಗಳನ್ನು ಭದ್ರವಾದ ಸಂಗ್ರಹಾಲಯಕ್ಕೆ ಒಪ್ಪಿಸುವದನ್ನು ಮರೆಯಬಾರದು.

ಆನೆಗುಂದಿಯ ಬೆಟ್ಟಗಳಲ್ಲಿ, ಕುಷ್ಟಗಿ, ಯಲಬುರ್ಗಾದ ಎರೆನೆಲಗಳಲ್ಲಿ, ಹಳ್ಳಿಹಳ್ಳಿಯ ಕೆರೆಗಳಲ್ಲಿ ಇರುವ ಹುಳುಹುಪ್ಪಡಿಗಳನ್ನು ನಮ್ಮವರೇ ನೋಡಿ ಬರೆಯಬೇಕಾಗಿದೆ. ಬಳ್ಳಾರಿಯ ಶಾಲೆಯಲ್ಲಿ ಓದಿದ ಹುಡುಗನೊಬ್ಬನು ಆ ಕೆಲಸವನ್ನು ನೂರು ವರ್ಷಗಳ ಹಿಂದೆ ಮಾಡಿ ತೋರಿಸಿದ್ದಾನೆ. ನಮ್ಮ ನಾಲ್ಕು ಊರುಗಳ ಶಾಲೆಗಳಲ್ಲಿ ಇಂದು ಓದುತ್ತಿರುವ ಮಕ್ಕಳಲ್ಲಿಯೂ ಅಂಥವರು ಇರಬಹುದು. ಅವರು ಬೆಳೆದು ತಂದೊಪ್ಪಿಸುವ ಕೆಲಸವನ್ನು ಓದಿ ಬೆಲೆ ಕಟ್ಟುವ ಹಿರಿಯರು ಆಗ ಇರಬೇಕೆಂಬದೇ ನಮ್ಮ ಅಪೇಕ್ಷೆ.