ಅರ್ಧಕ್ಕೇ ನಿಲ್ಲಿಸುತ್ತಿದ್ದ ಕತೆ: ಬಾಕ್ಸರ್ ಬಾರ್ನಿ ರಾಸ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಕ್ರೀಡೆಯ ಬಗ್ಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಈ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ಬಹಳ ವರ್ಷ ಇದ್ದವನು ನಾನು. ಖೋ ಖೋ, ಕಬಡ್ಡಿ ತಂಡಗಳ ಬಗ್ಗೆ ಬರೆದೇನೆಂದು ಅವರು ಎಣಿಸಿರಬೇಕು. ಅದನ್ನು ಆಡಿದವರೇ ಬರೆಯಲಿ. ನನ್ನ ಹಳೆಯ ವಿದ್ಯಾರ್ಥಿಗಳು ಸಂತೆಯಲ್ಲೋ ಬಸ್ಸಿನಲ್ಲೋ ಸಿಕ್ಕಾಗ ನೆನಪಿಸುವುದು ಬೇರೆಯೇ ಒಂದನ್ನು. ಮಳೆಗಾಲದಲ್ಲಿ ಮೈದಾನದಲ್ಲಿ ನೀರು ನಿಂತರೆ ಪಿ.ಟಿ. ಪೀರಿಯಡ್ಡಿಗೆ ಮಕ್ಕಳನ್ನು ವರಾಂಡದಲ್ಲಿ ಕೂರಿಸಿ ಕ್ರೀಡಾಪಟುಗಳ ಕತೆ ಹೇಳುತ್ತಿದ್ದೆ. ಅದರಲ್ಲಿ ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದದ್ದು ಬಾರ್ನಿ ರಾಸ್ ಎಂಬ ಬಾಕ್ಸರ್‌ನ ಕತೆ. ಬಾಕ್ಸಿಂಗ್ ರಿಂಗನ್ನು ಕಣ್ಣಾರೆ ಕಂಡ ಒಂದು ಮಗುವೂ ಅಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಹೆಚ್ಚೇನೂ ಕಂಡವನಲ್ಲ.

ಬಾರ್ನಿ ರಾಸ್ ಹುಟ್ಟಿದ್ದು 1909ರ ಡಿಸೆಂಬರ್ 23ರಂದು, ನ್ಯೂಯಾರ್ಕಿನಲ್ಲಿ. ಮನೆಯವರಿಟ್ಟ ಹೆಸರು ಡೋವ್ ಬೇರ್ ರಸೋಫ್‌ಸ್ಕಿ. ತಂದೆ ತಾಯಿ ಯಹೂದಿಗಳು, ಬ್ರೆಸ್ಟ್ ಲಿಟೋವ್ಸ್ಕ್ ಎಂಬ ಊರಿನ ಕಡೆಯವರು. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು; ಈಗ ಬೆಲಾರಸ್ ದೇಶದಲ್ಲಿ, ಉಕ್ರೇನ್ ಗಡಿಗೆ ಹತ್ತಿರದಲ್ಲಿದೆ. ಆ ಸೀಮೆಯಲ್ಲಿ ಯಹೂದಿಗಳ ಕೇರಿಗಳ ಮೇಲೆ ಗುಂಪು ಕಟ್ಟಿಕೊಂಡು ಬಂದು ಕೊಲೆ ಸುಲಿಗೆ ನಡೆಸುವುದು ಆಗಾಗ ನಡೆಯುತ್ತಿತ್ತು. ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಕೈಗೆ ಸಿಕ್ಕ ಕೆಲಸ ಮಾಡಿದರು, ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಬಾಕ್ಸಿಂಗಿಗೆ ಇಳಿದರು. ಕೀವ್ ನಗರದಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ಅಮೆರಿಕ ಸೇರಿದ ಲೂಯಿ ಕಪ್ಲಾನ್, ಬೆನ್ನಿ ಬಾಸ್ ಎಂಬ ಇಬ್ಬರು ಆ ಕಾಲದಲ್ಲೇ ವಿಶ್ವ ಚಾಂಪಿಯನ್ನರಾದರು. ಬಡವರ ಮಕ್ಕಳಿಗೆ ಆ ದಾರಿ ತೆರೆದಿತ್ತು ಅಷ್ಟೇ, ಜಾತಿಗೂ ಬಾಕ್ಸಿಂಗಿಗೂ ಸಂಬಂಧವಿಲ್ಲ.

ರಾಸ್‌ನ ಕುಟುಂಬ ಷಿಕಾಗೋ ನಗರಕ್ಕೆ ಬಂದು ಮ್ಯಾಕ್ಸ್‌ವೆಲ್ ಬೀದಿಯ ಬಳಿ ನೆಲೆಸಿತು. ತಂದೆ ಧರ್ಮಗ್ರಂಥಗಳನ್ನು ಆಳವಾಗಿ ಓದಿದವರು, ಹೊಟ್ಟೆಪಾಡಿಗೆ ಚಿಕ್ಕದೊಂದು ದಿನಸಿ ಅಂಗಡಿ ಇಟ್ಟಿದ್ದರು. ಮಗ ಧರ್ಮ ಕಲಿಸುವ ಗುರುವಾಗಬೇಕೆಂಬುದು ಅವರ ಆಸೆ. ಹೊಡೆದಾಟವೆಂದರೆ ಅವರಿಗೆ ಆಗದು. 1923ರ ಡಿಸೆಂಬರ್‌ನಲ್ಲಿ ಅಂಗಡಿಗೆ ನುಗ್ಗಿದ ದರೋಡೆಕೋರರು ಅವರಿಗೆ ಗುಂಡು ಹಾರಿಸಿದರು. ತಂದೆ ಉಳಿಯಲಿಲ್ಲ. ಹುಡುಗನಿಗೆ ಇನ್ನೂ 14 ತುಂಬಿರಲಿಲ್ಲ. ತಾಯಿಗೆ ಆ ಆಘಾತದಲ್ಲಿ ಮನಸ್ಸಿನ ಸ್ವಾಸ್ಥ್ಯವೇ ಹೋಯಿತು. ಇಬ್ಬರು ತಮ್ಮಂದಿರನ್ನೂ ಒಬ್ಬ ತಂಗಿಯನ್ನೂ ಅನಾಥಾಲಯಕ್ಕೆ ಸೇರಿಸಿದರು.

ಇಲ್ಲಿಗೆ ಬಂದಾಗ ನಮ್ಮ ವರಾಂಡದಲ್ಲಿ ಸದ್ದೇ ಇರುತ್ತಿರಲಿಲ್ಲ. ಅಪ್ಪ ತೀರಿಕೊಂಡು ಚಿಕ್ಕಪ್ಪನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಇದ್ದುಕೊಂಡು ಓದುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದರು.

ಆ ಹುಡುಗ ಕೆಲವು ವರ್ಷ ಕೆಟ್ಟೇ ಹೋದ. ದೇವರ ಮೇಲೂ ಸಿಟ್ಟು, ಊರಿನ ಮೇಲೂ ಸಿಟ್ಟು. ಬೀದಿ ಜಗಳ, ಜೂಜು, ಅಲ್ ಕಪೋನ್ ಎಂಬ ಕುಖ್ಯಾತ ಪಾತಕಿಯ ತಂಡದವರಿಗೆ ಸಣ್ಣಪುಟ್ಟ ಓಡಾಟ ಮಾಡಿಕೊಡುವುದು, ಇದರಲ್ಲೇ ಕಾಲ ಕಳೆಯಿತು. ತಲೆಯಲ್ಲಿ ಮಾತ್ರ ಒಂದೇ ಲೆಕ್ಕ: ಒಂದು ಮನೆ ಮಾಡಬೇಕು, ಮೂವರನ್ನೂ ಬಿಡಿಸಿ ತರಬೇಕು. ದುಡ್ಡು ಬೇಗ ಬರುವ ದಾರಿಯೆಂದು ಬಾಕ್ಸಿಂಗ್ ಹಿಡಿದ. ಹವ್ಯಾಸಿ ಸ್ಪರ್ಧೆಗಳಲ್ಲಿ ಗೆದ್ದ ಪದಕಗಳನ್ನು ಗಿರವಿ ಅಂಗಡಿಯಲ್ಲಿಟ್ಟು ದುಡ್ಡು ತರುತ್ತಿದ್ದ. ತಾಯಿಗೆ ಗೊತ್ತಾಗಬಾರದು, ತಂದೆಯ ಹೆಸರು ರಿಂಗಿನಲ್ಲಿ ಕೇಳಬಾರದು ಎಂದು ಹೆಸರನ್ನೇ ಬಾರ್ನಿ ರಾಸ್ ಎಂದು ಬದಲಿಸಿಕೊಂಡ. 1929ರಲ್ಲಿ ವೃತ್ತಿಪರನಾದ.

ಆತನದು ಒಂದೇ ಏಟಿಗೆ ಕೆಡಹುವ ಕೈ ಅಲ್ಲ. ಕಾಲು ಚುರುಕು, ಎಡಗೈ ಚುರುಕು, ದಮ್ಮು ಬಹಳ. ಏಟು ತಪ್ಪಿಸಿಕೊಂಡು ಒಳಗೆ ನುಗ್ಗಿ ನಾಲ್ಕು ಕೊಟ್ಟು ಹೊರಗೆ ಬರುವವನು. 1933ರ ಜೂನ್ 23ರಂದು ಷಿಕಾಗೋದಲ್ಲಿ ಟೋನಿ ಕ್ಯಾನ್ಜೊನೆರಿಯನ್ನು ಸೋಲಿಸಿ ಲೈಟ್‌ವೇಟ್, ಜೂನಿಯರ್ ವೆಲ್ಟರ್‌ವೇಟ್ ಎರಡೂ ಪಟ್ಟ ಒಟ್ಟಿಗೆ ಗೆದ್ದ. ಲೈಟ್‌ವೇಟ್ ಎಂದರೆ ಸುಮಾರು 61 ಕಿಲೋ ತೂಕದ ಒಳಗಿನವರ ವಿಭಾಗ. ತೀರ್ಪು ಒಮ್ಮತದ್ದಲ್ಲವೆಂದು ಕೆಲವರು ಗೊಣಗಿದರು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿಗೇ ಹೋಗಿ 15 ಸುತ್ತು ಆಡಿ ಅದೇ ಕ್ಯಾನ್ಜೊನೆರಿಯನ್ನು ಮತ್ತೆ ಸೋಲಿಸಿದ.

ಆದರೆ ಮಕ್ಕಳಿಗೆ ಪಟ್ಟದ ಲೆಕ್ಕ ಬೇಕಾಗಿರಲಿಲ್ಲ. ತಮ್ಮಂದಿರು, ತಂಗಿ ಮನೆಗೆ ಬಂದರೋ ಇಲ್ಲವೋ ಎಂಬುದೇ ಅವರ ಪ್ರಶ್ನೆ. ಬಂದರು. ಬಾಕ್ಸಿಂಗ್ ದುಡ್ಡಿನಲ್ಲಿ ಮನೆ ಮಾಡಿ ಮೂವರನ್ನೂ ಕರೆತಂದ. ತಾಯಿಯೂ ಚೇತರಿಸಿಕೊಂಡರು. ಬಾಕ್ಸಿಂಗ್ ಎಂದರೆ ಹೆದರುತ್ತಿದ್ದ ಆಕೆ ಕೊನೆಗೆ ಮಗನ ಪಂದ್ಯ ನೋಡಲು ಹೋಗತೊಡಗಿದರು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಯಹೂದಿಗಳಿಗೆ ಸಬ್ಬತ್ ಶುರು, ವಾಹನ ಹತ್ತುವಂತಿಲ್ಲ. ಹಾಗಾಗಿ ಶುಕ್ರವಾರ ರಾತ್ರಿ ಪಂದ್ಯವಿದ್ದರೆ ಆ ತಾಯಿ ಕ್ರೀಡಾಂಗಣಕ್ಕೆ ಮೈಲುಗಟ್ಟಲೆ ನಡೆದೇ ಹೋಗುತ್ತಿದ್ದರು.

ಜಿಮ್ಮಿ ಮೆಕ್‌ಲಾರ್ನಿನ್ ಜೊತೆಗಿನ ಮೂರು ಪಂದ್ಯಗಳನ್ನು ವಿವರಿಸಲು ಹೊರಟರೆ ಸಂಪಾದಕರು ಕತ್ತರಿ ಹಾಕುತ್ತಾರೆ. 1934ರ ಮೇ ತಿಂಗಳಲ್ಲಿ ರಾಸ್ ಗೆದ್ದು ವೆಲ್ಟರ್‌ವೇಟ್ ಪಟ್ಟ ಪಡೆದ, ಸೆಪ್ಟೆಂಬರ್‌ನಲ್ಲಿ ಸೋತ, 1935ರ ಮೇ ತಿಂಗಳಲ್ಲಿ ಮತ್ತೆ ಗೆದ್ದ. ಹೀಗೆ ಮೂರು ವಿಭಾಗಗಳ ಚಾಂಪಿಯನ್. ಕೊನೆಯ ಪಂದ್ಯ 1938ರ ಮೇ 31ರಂದು, ಹೆನ್ರಿ ಆರ್ಮ್‌ಸ್ಟ್ರಾಂಗ್ ಎದುರು. ಮೊದಲ ಕೆಲವು ಸುತ್ತು ಕಳೆಯುವಷ್ಟರಲ್ಲಿ ರಾಸ್‌ನ ಕಾಲು ಸೋತಿತು. ಕಣ್ಣು ಊದಿ ಮುಚ್ಚುತ್ತ ಬಂತು. ಪಂದ್ಯ ನಿಲ್ಲಿಸುವುದಾಗಿ ಮೂಲೆಯಲ್ಲಿದ್ದವರು ಹೇಳಿದರು. ನಿಲ್ಲಿಸಿದರೆ ನಿಮ್ಮೊಡನೆ ಮಾತು ಬಿಡುತ್ತೇನೆಂದು ರಾಸ್ ಹಟ ಹಿಡಿದ. 15 ಸುತ್ತೂ ನಿಂತೇ ಏಟು ತಿಂದ, ಕೆಳಗೆ ಬೀಳಲಿಲ್ಲ. ಪಟ್ಟ ಹೋಯಿತು. ಮತ್ತೆ ರಿಂಗಿಗೆ ಇಳಿಯಲಿಲ್ಲ. 80ಕ್ಕೆ ಮೇಲ್ಪಟ್ಟ ಪಂದ್ಯಗಳಲ್ಲಿ ಆತ ಸೋತದ್ದು ನಾಲ್ಕೇ, ಒಮ್ಮೆಯೂ ನಾಕೌಟ್ ಆಗಲಿಲ್ಲ. ಗಳಿಸಿದ್ದರಲ್ಲಿ ದೊಡ್ಡ ಪಾಲನ್ನು ಕುದುರೆ ಜೂಜಿಗೆ ಸುರಿದ ಎಂಬುದನ್ನೂ ಹೇಳದೆ ಬಿಡಬಾರದು.

ಎರಡನೇ ಮಹಾಯುದ್ಧ ಬಂದಾಗ ಆತನಿಗೆ 32. ಅಮೆರಿಕದ ಮರೀನ್ ಪಡೆಗೆ ಸೇರಿದ. ಸೈನಿಕರಿಗೆ ಬಾಕ್ಸಿಂಗ್ ಕಲಿಸುತ್ತ ಊರಲ್ಲೇ ಇರಬಹುದಿತ್ತು. ಬೇಡವೆಂದು ಯುದ್ಧರಂಗವನ್ನೇ ಕೇಳಿಕೊಂಡು ಶಾಂತಸಾಗರದ ಗ್ವಾಡಲ್‌ಕನಾಲ್ ದ್ವೀಪಕ್ಕೆ ಹೋದ. 1942ರ ನವೆಂಬರ್‌ನ ಒಂದು ರಾತ್ರಿ ಆತನ ತುಕಡಿ ಜಪಾನಿ ಸೈನಿಕರ ನಡುವೆ ಸಿಕ್ಕಿಬಿತ್ತು. ಶೆಲ್ ಬಿದ್ದು ಆಗಿದ್ದ ಗುಂಡಿಯೊಳಗೆ ಗಾಯಗೊಂಡ ಜೊತೆಗಾರರನ್ನು ಇಟ್ಟುಕೊಂಡು ರಾತ್ರಿಯಿಡೀ ಗುಂಡು ಹಾರಿಸಿದ, ಗ್ರೆನೇಡ್ ಎಸೆದ. ತನಗೂ ಗಾಯ. ಎಲ್ಲರೂ ಬದುಕಲಿಲ್ಲ. ಬೆಳಗಾದ ಮೇಲೆ ಬದುಕಿದ್ದ ಗೆಳೆಯನನ್ನು ಹೊತ್ತುಕೊಂಡು ಬಂದ. ಸರ್ಕಾರ ಸಿಲ್ವರ್ ಸ್ಟಾರ್ ಪದಕ ಕೊಟ್ಟಿತು.

ಎಷ್ಟೋ ವರ್ಷ ನಾನು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಮುಂದಿನದು ಮಕ್ಕಳಿಗೆ ಹೇಳುವಂಥದ್ದಲ್ಲ ಎಂದುಕೊಂಡಿದ್ದೆ. ಒಮ್ಮೆ ಒಂಬತ್ತನೇ ತರಗತಿಯ ಒಬ್ಬ ಹುಡುಗ, ಹೆಚ್ಚು ಮಾತಾಡದವನು, ಆಮೇಲೆ ಆತ ಏನಾದ ಎಂದು ಕೇಳಿದ. ಅವನ ತಂದೆ ಸಂಜೆಯಾದರೆ ಎಲ್ಲಿ ಬಿದ್ದಿರುತ್ತಾರೆಂದು ಊರಿಗೇ ಗೊತ್ತಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ಪೂರ್ತಿ ಹೇಳತೊಡಗಿದೆ.

ಗಾಯದ ನೋವಿಗೂ ಮಲೇರಿಯಾದ ನರಳಾಟಕ್ಕೂ ಸೈನ್ಯದವರು ರಾಸ್‌ಗೆ ಮಾರ್ಫಿನ್ ಚುಚ್ಚಿದ್ದರು. ಅದು ಅಫೀಮಿನಿಂದ ತೆಗೆಯುವ ಔಷಧ. ನೋವು ಹೋಗುತ್ತದೆ, ಚಟ ಉಳಿಯುತ್ತದೆ. ಊರಿಗೆ ಬಂದ ಮೇಲೆ ಕಳ್ಳದಾರಿಯಲ್ಲಿ ಕೊಳ್ಳತೊಡಗಿದ. ಮೆರವಣಿಗೆ, ಸನ್ಮಾನ ಒಂದು ಕಡೆ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುವುದು ಇನ್ನೊಂದು ಕಡೆ. ದುಡ್ಡು ಕರಗಿತು. ಹೆಂಡತಿ ಬಿಟ್ಟುಹೋದಳು. 1946ರಲ್ಲಿ, ಯಾರೂ ಹಿಡಿಯದಿದ್ದರೂ, ಆತನೇ ಅಧಿಕಾರಿಗಳ ಮುಂದೆ ಹೋಗಿ ತಾನು ಚಟಕ್ಕೆ ಬಿದ್ದವನೆಂದು ಒಪ್ಪಿಕೊಂಡ. ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಕೆಂಟಕಿ ರಾಜ್ಯದ ಲೆಕ್ಸಿಂಗ್‌ಟನ್‌ನಲ್ಲಿ ಇಂಥವರಿಗೆಂದೇ ಸರ್ಕಾರಿ ಆಸ್ಪತ್ರೆಯಿತ್ತು. ಕೈದಿಗಳೂ ತಾವಾಗಿ ಬಂದವರೂ ಒಟ್ಟಿಗಿದ್ದ ಜಾಗ. ದಿನದಿನಕ್ಕೂ ಮಾರ್ಫಿನ್ ಕಡಿಮೆ ಮಾಡುತ್ತ ಬರುವುದು ಅಲ್ಲಿಯ ಕ್ರಮ. ಮೈಯೆಲ್ಲ ಸೆಳೆತ, ವಾಂತಿ, ನಿದ್ದೆಯಿಲ್ಲದ ರಾತ್ರಿಗಳು. ಅಲ್ಲಿ ನೋಡಲು ಪ್ರೇಕ್ಷಕರಿಲ್ಲ. ಸುಮಾರು ನಾಲ್ಕು ತಿಂಗಳ ನಂತರ, 1947ರ ಜನವರಿಯಲ್ಲಿ, ಬಿಡಿಸಿಕೊಂಡು ಹೊರಗೆ ಬಂದ. ಹೆಂಡತಿಯೂ ಮರಳಿ ಬಂದಳು.

ಆಮೇಲೆ ಅದನ್ನು ಮುಚ್ಚಿಡಲಿಲ್ಲ. ಶಾಲೆಗಳಿಗೆ ಹೋಗಿ ಹುಡುಗರ ಮುಂದೆ ತನ್ನ ಚಟದ ಕತೆಯನ್ನು ತಾನೇ ಹೇಳಿದ, ಆತ್ಮಕಥೆಯಲ್ಲೂ ಬರೆದ. 1957ರಲ್ಲಿ ಆತನ ಬದುಕು ಸಿನಿಮಾ ಕೂಡ ಆಯಿತು.

ಎಲ್ಲ ಕೇಳಿದ ಮೇಲೆ ಆ ಹುಡುಗ ಇನ್ನೊಂದೇ ಪ್ರಶ್ನೆ ಕೇಳಿದ್ದ: ಮತ್ತೆ ಶುರು ಮಾಡಲಿಲ್ಲವೇ ಎಂದು. ಇಲ್ಲ ಎಂದೆ. ಬಾರ್ನಿ ರಾಸ್ ತೀರಿಕೊಂಡದ್ದು 1967ರ ಜನವರಿ 18ರಂದು, ಷಿಕಾಗೋದಲ್ಲಿ, ಗಂಟಲಿನ ಕ್ಯಾನ್ಸರ್‌ನಿಂದ. ಆಗ 57 ವರ್ಷ.